ದೋಣಿಗೆ ಎಂಜಿನ್ನು ಕಟ್ಟುವ ಮುನ್ನ



ಮುಳಗುಂದವು ಎರೆಹೊಲದ ಊರು. ಊರ ಮುಂದೆ ಹೊಳೆಯಿಲ್ಲ. ದೋಣಿಯ ಮಾತು ನಮಗೇಕೆಂದು ನೀವು ಕೇಳಬಹುದು. ಆದರೆ ನಮ್ಮ ಜಿಲ್ಲೆಯ ಉತ್ತರಕ್ಕೆ ಮಲಪ್ರಭೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಿವೆ. ನಮ್ಮ ಬೀಗರು ಆ ದಂಡೆಗಳ ಊರುಗಳಲ್ಲಿದ್ದಾರೆ. ಜಾತ್ರೆಗೆಂದು, ಯಾತ್ರೆಗೆಂದು ನಾವೂ ನೀರು ದಾಟುತ್ತೇವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲೂಕುಗಳ ಹೊಳೆಸಾಲಿನ ಊರುಗಳಿಗೆ ನೀರು ಹೊಕ್ಕಾಗ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅದೇ ವರ್ಷ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ಯಂತ್ರದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ ತೀರಿಕೊಂಡರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಯಾತ್ರಿಕರೂ ಅವರಲ್ಲಿದ್ದರು. ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಬಂಡಿ ತಪ್ಪು ದಾರಿ ಹಿಡಿದರೆ ಎತ್ತುಗಳನ್ನು ತಡೆದು ನಿಲ್ಲಿಸಬಹುದು. ದೋಣಿಗೆ ಬ್ರೇಕಿಲ್ಲ. ಆದ್ದರಿಂದ ಎಚ್ಚರಿಕೆಯ ಮುಕ್ಕಾಲು ಪಾಲು ದಂಡೆಯ ಮೇಲೆಯೇ ಮುಗಿಯತಕ್ಕದ್ದು. ಇದನ್ನು ದೋಣಿ ನಡೆಸುವ ತರುಣರೂ ಹತ್ತಿ ಕೂಡ್ರುವ ನಾವೂ ತಿಳಿದಿರಬೇಕು.

ಎಂಜಿನ್ನು ಕೂಡ್ರಿಸುವ ಬಗೆ

ದೋಣಿಯ ಹಿಂಗಡೆಯ ಹಲಗೆಗೆ ಹೊರಗಿನಿಂದ ತೂಗುಹಾಕುವ ಎಂಜಿನ್ನಿಗೆ ಔಟ್‌ಬೋರ್ಡ್ ಮೋಟಾರು ಎನ್ನುತ್ತಾರೆ. ನಮ್ಮ ಹೊಳೆಗಳ ದುಂಡು ಹರಗೋಲಿಗೆ ಇದನ್ನು ಕಟ್ಟಬಾರದು. ಅದಕ್ಕೆ ಹಿಂದುಮುಂದಿಲ್ಲ, ಗಟ್ಟಿ ಹಿಂಬದಿಯ ಹಲಗೆಯೂ ಇಲ್ಲ. ಎಂಜಿನ್ನು ತಳ್ಳಿದೊಡನೆ ಅದು ಬುಗುರಿಯಂತೆ ತಿರುಗುವದು.

ಮೊದಲು ಹಲಗೆಯನ್ನು ತಪಾಸು ಮಾಡಿರಿ. ಎಂಜಿನ್ನಿನ ಭಾರವೂ ಅದರ ನೂಕುಬಲವೂ ಬೀಳುವದು ಇದೊಂದರ ಮೇಲೆಯೇ. ಮೊಳೆಯಿಂದ ಒತ್ತಿದರೆ ಮೆತ್ತಗಾಗುವ, ನೀರು ಕುಡಿದ ಹಲಗೆಯನ್ನು ಬದಲಿಸುವದೇ ಲೇಸು. ದೋಣಿ ಕಟ್ಟಿದವರು ಹೇಳಿದ ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ನು ಬೇಡ. ಹಿಂದೆ ಹೇರು ಹೆಚ್ಚಾದರೆ ಬಂಡಿಯ ನೊಗ ಮೇಲೇಳುವಂತೆ, ಭಾರವಾದ ಎಂಜಿನ್ನಿನಿಂದ ದೋಣಿಯ ಮೂತಿ ಮೇಲೆದ್ದು ಹಿಂಬದಿಯಿಂದ ನೀರು ನುಗ್ಗುವದು.

ಎರಡನೆಯದು ಎತ್ತರ. ಪಂಖದ ಮೇಲುಗಡೆ ಅಡ್ಡಲಾಗಿ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ, ಇಲ್ಲವೆ ಅದಕ್ಕಿಂತ ಒಂದು ಇಂಚು ಕೆಳಗೆ ಇರುವದು ಸಾಮಾನ್ಯ ಪದ್ಧತಿ. ಕುಂಟೆಯ ವಿಷಯ ನಿಮಗೆ ಗೊತ್ತೇ ಇದೆ: ಹೆಚ್ಚು ಆಳಕ್ಕೆ ಹೋದರೆ ಎತ್ತುಗಳು ದಣಿಯುತ್ತವೆ, ಮೇಲಾದರೆ ನೆಲ ಬರೀ ಕೆರೆಯುತ್ತದೆ. ಪಂಖವೂ ಹಾಗೆಯೇ, ಮೇಲಾದರೆ ಗಾಳಿ ಹೀರಿ ಬರಿದೇ ಸುತ್ತುವದು, ಕೆಳಗಾದರೆ ಕಲ್ಲಿಗೆ ಬಡಿಯುವದು. ಸಣ್ಣ ಎಂಜಿನ್ನುಗಳು 15 ಮತ್ತು 20 ಇಂಚು ಎತ್ತರದ ಹಲಗೆಗಳಿಗೆ ಬೇರೆಬೇರೆಯಾಗಿ ಬರುತ್ತವೆ. ಹಲಗೆ ಅಳೆದೇ ಕೊಳ್ಳಬೇಕು.

ಮೂರನೆಯದು ಬಿಗಿತ. ಎಂಜಿನ್ನನ್ನು ಹಲಗೆಯ ನಟ್ಟನಡುವೆ ಕೂಡ್ರಿಸಿ ಎರಡೂ ತಿರುಪುಗಳನ್ನು ಸಮನಾಗಿ ಬಿಗಿಯಿರಿ. ಅದುರಿಗೆ ತಿರುಪು ಸಡಿಲಾಗುವದರಿಂದ ಸ್ವಲ್ಪ ಹೊತ್ತು ನಡೆಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿಯಿರಿ. ದೊಡ್ಡ ಎಂಜಿನ್ನಾದರೆ ಹಲಗೆಯ ಆಚೆಯಿಂದ ಈಚೆಗೆ ಬೋಲ್ಟು ಹಾಕಿಸಬೇಕು. ಸಣ್ಣದಕ್ಕೆ ಒಂದು ಸರಪಳಿಯನ್ನು ದೋಣಿಗೆ ಬಿಗಿದಿಡಿರಿ. ಬಂಡಿಯ ಕಡಾಣಿ ಚಿಕ್ಕದು. ಆದರೆ ಅದು ಬಿದ್ದರೆ ಗಾಲಿ ಉಳಿಯದು.

ಹೊರಡುವ ಮುನ್ನ

ಪೆಟ್ರೋಲನ್ನು ಎಂಜಿನ್ನು ನಿಲ್ಲಿಸಿ, ಜನರನ್ನು ಇಳಿಸಿ ತುಂಬಿರಿ. ಕೈಡಬ್ಬಿಯನ್ನು ದಂಡೆಯ ಮೇಲೆಯೇ ತುಂಬಿಕೊಳ್ಳುವದು ಒಳಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಅದು ಹಾರಿಹೋಗದೆ ದೋಣಿಯ ತಳದಲ್ಲಿ ಕೂಡುತ್ತದೆ. ಅಲ್ಲಿ ಒಂದು ಬೀಡಿಯ ಕಿಡಿ ಸಾಕು.

ಗೇರು ಬಿಡಿಸಿಯೇ ಎಂಜಿನ್ನು ಚಾಲೂ ಮಾಡಬೇಕು. ತಂಪುನೀರು ಹೊರಬರುವ ಸಣ್ಣ ಧಾರೆಯನ್ನು ನೋಡಿರಿ. ಧಾರೆ ಕಾಣದಿದ್ದರೆ ಉಸುಕು ಇಲ್ಲವೆ ಜೊಂಡು ಸಿಕ್ಕಿರಬಹುದು, ಕೂಡಲೆ ನಿಲ್ಲಿಸಿರಿ. ಎಂಜಿನ್ನು ನಿಲ್ಲಿಸುವ ದಾರವೊಂದಿರುತ್ತದೆ. ಅದನ್ನು ನಡೆಸುವವನು ಕೈಗೆ ಕಟ್ಟಿಕೊಳ್ಳಲೇಬೇಕು. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ನು ನಿಲ್ಲುವದು. ಇಲ್ಲದಿದ್ದರೆ ಹಿಡಿಕೆ ಬಿಟ್ಟ ದೋಣಿ ಸುತ್ತುಹಾಕಿ ಬಿದ್ದವನ ಮೇಲೆಯೇ ಬರಬಹುದು.

ನೀರಿನ ಮೇಲೆ

ಎತ್ತಿನ ಹಗ್ಗ ಬಲಕ್ಕೆ ಎಳೆದರೆ ಬಂಡಿ ಬಲಕ್ಕೆ ಹೋಗುತ್ತದೆ. ಎಂಜಿನ್ನಿನ ಹಿಡಿಕೆ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ! ಹೊಸಬರು ಖಾಲಿ ದೋಣಿಯಲ್ಲಿ ಇದನ್ನು ರೂಢಿಸಿಕೊಳ್ಳಬೇಕು. ವೇಗದಲ್ಲಿ ತಟ್ಟನೆ ತಿರುಗಿಸಬೇಡಿರಿ. ತೆರೆಗೆ ದೋಣಿಯ ಪಕ್ಕೆ ಕೊಡದೆ ಮೂತಿ ಕೊಡಿರಿ. ದಂಡೆಗೆ ಬರುವಾಗ ಸೆಳವಿಗೆ ಎದುರಾಗಿ ನಿಧಾನವಾಗಿ ಬನ್ನಿರಿ. ಬಟ್ಟೆ ಒಗೆಯುವ, ಈಜುವ ಜನರ ಹತ್ತಿರ ಪಂಖ ತಿರುಗುತ್ತಿರಬಾರದು. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಂಥ ಕಟ್ಟುಗಳ ಬಾಗಿಲ ಬಳಿಗೆ ಹೋಗಲೇಬೇಡಿರಿ. ಮೇಲೆ ನೀರು ಶಾಂತವಾಗಿ ಕಂಡರೂ ಒಳಗೆ ಸೆಳವಿರುತ್ತದೆ.

ಕುಳಿತವರ ಜವಾಬ್ದಾರಿಯೂ ಇದೆ. ಎಲ್ಲರೂ ಕೂಡ್ರಬೇಕು. ಫೋಟೋ ತೆಗೆಯಲೆಂದು ಒಂದೇ ಮಗ್ಗಲಿಗೆ ಏಳಬಾರದು. ದೋಣಿ ಮಗುಚಿದರೆ ದಂಡೆ ಸಮೀಪ ಕಂಡರೂ ಈಜಿ ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು. ಮಗುಚಿದ ದೋಣಿ ಹೆಚ್ಚಾಗಿ ತೇಲುತ್ತಿರುತ್ತದೆ, ಹುಡುಕುವವರ ಕಣ್ಣಿಗೂ ಅದೇ ಮೊದಲು ಬೀಳುತ್ತದೆ.

ಒಳನಾಡಿನ ನೀರಿನಲ್ಲಿ ಓಡುವ ಯಂತ್ರದ ದೋಣಿಗಳ ತಪಾಸಣೆ ಮತ್ತು ನೋಂದಣಿಗಾಗಿ 2021ರಲ್ಲಿ ಕೇಂದ್ರ ಕಾಯಿದೆ ಆಗಿದೆ. ಬಾಡಿಗೆ ದೋಣಿಯವರನ್ನು ಈ ಬಗ್ಗೆ ವಿಚಾರಿಸಲು ಸಂಕೋಚ ಬೇಡ.

ಕಡೆಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಒಮ್ಮೆ ಗೆಳೆಯರೊಡನೆ ಯಂತ್ರದ ದೋಣಿ ಹತ್ತಿದ್ದೆ. ಕೊಟ್ಟ ಲೈಫ್ ಜಾಕೀಟನ್ನು ಸೆಕೆಯೆಂದು ತೊಡದೆ ಮೆತ್ತೆಯಾಗಿ ಹಾಕಿಕೊಂಡು ಕುಳಿತೆ. ನನ್ನನ್ನು ನೋಡಿ ಪಕ್ಕದ ತಾಯಿಯೊಬ್ಬರು ತಮ್ಮ ಮಗುವಿನ ಜಾಕೀಟನ್ನೂ ಬಿಚ್ಚಿದರು. ಅಂದು ಏನೂ ಆಗಲಿಲ್ಲ. ಆದರೆ ಊರೂರು ತಿರುಗಿ ಬುದ್ಧಿ ಹೇಳುವ ನಾನು ಆ ದಿನ ಕಲಿಸಿದ್ದೇನು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದಕಾರಣ ಬಂಧುಗಳೇ, ಮುಂದಿನ ಸಲ ದೋಣಿ ಹತ್ತುವ ಮುನ್ನ ದಂಡೆಯಲ್ಲಿ ನಿಂತು ಮೂರು ಮಾತು ಕೇಳಿರಿ: ಎಷ್ಟು ಜನರ ದೋಣಿ? ಎಲ್ಲರಿಗೂ ಜಾಕೀಟು ಉಂಟೇ? ಎಂಜಿನ್ನು ಬಿಗಿಯಾಗಿದೆಯೇ? ಸರಿಯಾದ ಉತ್ತರ ಬಾರದಿದ್ದರೆ ಹತ್ತಬೇಡಿರಿ. ಜಾತ್ರೆ ಮುಂದಿನ ವರುಷವೂ ಬರುತ್ತದೆ.