ಮಾತ್ರಾಶಬ್ದವೂ ಶಿಶುಚಿಕಿತ್ಸೆಯೂ

ಸಂಸ್ಕೃತದಲ್ಲಿ ಮಾತ್ರಾ ಎಂದರೆ ಅಳತೆ. ಕನ್ನಡಿಗರು ಅದನ್ನು ಗುಳಿಗೆಗೇ ಹೆಸರಾಗಿಟ್ಟರು. ಅಳತೆಯೆಂಬ ಅರ್ಥವು ಬಹುಮಟ್ಟಿಗೆ ಛಂದಸ್ಸಿನವರ ಪಾಲಾಯಿತು. ಶಿಶುಚಿಕಿತ್ಸೆಯಲ್ಲಾದರೋ ಮೂಲಾರ್ಥವೇ ಪ್ರಾಣಾಧಾರವು. ಕಾಶ್ಯಪಸಂಹಿತೆಯು ನವಜಾತಶಿಶುವಿಗೆ ವಾಯುವಿಡಂಗದ ಕಾಳಿನಷ್ಟು ಔಷಧವನ್ನು ವಿಧಿಸಿ, ತಿಂಗಳು ತಿಂಗಳಿಗೂ ಹೆಚ್ಚಿಸುತ್ತ, ನೆಲ್ಲಿಕಾಯಿಯ ಗಾತ್ರವನ್ನು ಮೀರಕೂಡದೆನ್ನುತ್ತದೆ. ಇಂದಿನ ವೈದ್ಯರು ವಯಸ್ಸಿಗಿಂತ ತೂಕವನ್ನು ನೆಚ್ಚುವರು. ಇದು ಇನ್ನೂ ಮೇಲು.

ಜ್ವರಕ್ಕೆ ಮನೆಮನೆಯಲ್ಲಿಯೂ ಕೊಡುವ ಪ್ಯಾರಸಿಟಮಾಲನ್ನೇ ನೋಡಬಹುದು. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಔಷಧದಂಗಡಿಗಳಲ್ಲಿ, ಬೇರೆಡೆಯಂತೆಯೇ, ಮಕ್ಕಳಿಗೆಂದು ಇದು ಹಲವು ಸಾಂದ್ರತೆಗಳಲ್ಲಿ ದೊರೆಯುವುದು: ಸಿರಪ್ಪಾದರೆ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ.; ಡ್ರಾಪ್ಸಾದರೆ ಒಂದೇ ಮಿ.ಲೀ.ಗೆ 100. ಹಸುಗೂಸುಗಳಿಗೆ ಮಾಡಿದ್ದಾದುದರಿಂದ ಡ್ರಾಪ್ಸು ಸೌಮ್ಯವೆಂಬುದು ಭ್ರಾಂತಿ, ಅದೇ ಅತಿಸಾಂದ್ರವಾದುದು. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಮಿತಿ. ಸಿರಪ್ಪಿನ ಅಭ್ಯಾಸದಿಂದ ಡ್ರಾಪ್ಸನ್ನೂ 5 ಮಿ.ಲೀ. ಕುಡಿಸಿದರೆ 500 ಆಯಿತು. ಪುನಃ ಪುನಃ ಹೀಗಾದರೆ ಯಕೃತ್ತು ಕೆಡುವುದು. ಮೊದಲ ದಿನ ಮಗುವು ಆಡಿಕೊಂಡೇ ಇರಬಹುದು, ಮೋಸವಿರುವುದು ಇಲ್ಲಿಯೇ. ಪ್ರತ್ಯೌಷಧವಾದ ಅಸಿಟೈಲ್‌ಸಿಸ್ಟೀನನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಫಲ. ಆದುದರಿಂದ ಲಕ್ಷಣಗಳಿಗೆ ಕಾಯದೆ ಮಗುವನ್ನು ಸೀಸೆಯೊಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಅಡುಗೆಮನೆಯ ಚಮಚವಾಗಲಿ ಅಜ್ಜಿಯ ಒಳಲೆಯಾಗಲಿ ಅಳತೆಯ ಪಾತ್ರೆಯಲ್ಲ. ಗೆರೆಯಿಟ್ಟ ಬಟ್ಟಲು ಅಥವಾ ಡ್ರಾಪರು ಸೀಸೆಯೊಡನೆಯೇ ಬರುವುದುಂಟು. ಒಂದರದನ್ನು ಇನ್ನೊಂದಕ್ಕೆ ಬಳಸಲಾಗದು.

ಅಳತೆ ಸರಿಯಿದ್ದೂ ಕೆಲವು ಮಕ್ಕಳಿಗೆ ಔಷಧದಿಂದ ಮೈಯಲ್ಲಿ ದದ್ದು, ಮುಖದಲ್ಲಿ ಬಾವು, ಉಸಿರಾಟದ ತೊಂದರೆ ಉಂಟಾಗುವುದು. ಆಗ ಮೊದಲು ಚಿಕಿತ್ಸೆ. ಬಳಿಕ, ಭಾರತ ಸರ್ಕಾರವು 2010ರಲ್ಲಿ ಆರಂಭಿಸಿದ ಔಷಧನಿಗಾ ಕಾರ್ಯಕ್ರಮಕ್ಕೆ 1800-180-3024 ಎಂಬ ಸಂಖ್ಯೆಯಲ್ಲಿ ಮನೆಯವರೇ ವರದಿ ಕೊಡಬಹುದು.