ಮೆದುಳಿನ ವೈರ್ ಕತ್ತರಿಸುವ ಕಾವಲುಗಾರರು

ಬೇಕಾದಷ್ಟೇ ವೈರ್ ಹಾಕಿ. ಸರ್ಕ್ಯೂಟ್ ಲ್ಯಾಬ್‌ನಲ್ಲಿ ನಮಗೆ ಹೇಳಿಕೊಡುವ ಮೊದಲ ಪಾಠ ಇದು. ಆದರೆ ಮೆದುಳು ಉಲ್ಟಾ ಗಿರಾಕಿ. ಮಗುವಿದ್ದಾಗ ನರಕೋಶಗಳ ನಡುವೆ ಸಿಕ್ಕಾಪಟ್ಟೆ ಕನೆಕ್ಷನ್ ಹಾಕಿಕೊಂಡು, ಆಮೇಲೆ ವರ್ಷಗಟ್ಟಲೆ ಬೇಡದ್ದನ್ನು ಕತ್ತರಿಸುತ್ತಾ ಹೋಗುತ್ತದೆ. ಈ ಕನೆಕ್ಷನ್‌ಗಳೇ ಸಿನಾಪ್ಸ್.

ಸರಿ, ಯಾವುದು ಬೇಡ ಎಂದು ಹೇಳುವವರು ಯಾರು? ನೆಗಡಿ, ಜ್ವರ ಬಂದಾಗ ವೈರಸ್ ಜತೆ ಹೊಡೆದಾಡುವ ರೋಗನಿರೋಧಕ ವ್ಯವಸ್ಥೆಯ ಅಣುಗಳಿಗೂ ಇದರಲ್ಲಿ ಪಾಲಿದೆ!

ಮೊದಲ ಸುಳಿವು ಸಿಕ್ಕಿದ್ದು 1998ರಲ್ಲಿ, ಅಮೆರಿಕದ ಕಾರ್ಲಾ ಶಾಟ್ಜ್ ಅವರ ಲ್ಯಾಬ್‌ನಲ್ಲಿ. ಬೆಳೆಯುತ್ತಿರುವ ಬೆಕ್ಕಿನ ಮೆದುಳಿನಲ್ಲಿ ನರಗಳ ಸಂಕೇತ ತಡೆದರೆ ಯಾವ ಜೀನ್‌ಗಳು ಏರುಪೇರಾಗುತ್ತವೆ ಎಂದು ಹುಡುಕುತ್ತಿದ್ದವರ ಕೈಗೆ ಬಂದದ್ದು ಎಂಎಚ್‌ಸಿ ಕ್ಲಾಸ್ 1. ಸೋಂಕು ತಗುಲಿದ ಜೀವಕೋಶವನ್ನು ತೋರಿಸಿಕೊಡುವ ಅಣು ಅದು. ಕಿಡ್ನಿ ಕಸಿಗೆ ಮುಂಚೆ ಮ್ಯಾಚ್ ನೋಡುತ್ತಾರಲ್ಲ, ಅದೇ ಕುಟುಂಬದ್ದು. ಆರೋಗ್ಯವಾಗಿರುವ ನರಕೋಶದಲ್ಲಿ ಅದಕ್ಕೇನು ಕೆಲಸ? 2000ದಲ್ಲಿ ಉತ್ತರ ಬಂತು. ಅದರ ಕೊರತೆಯಿದ್ದ ಇಲಿಗಳಲ್ಲಿ, ಕಣ್ಣಿನಿಂದ ಮೆದುಳಿಗೆ ಹೋಗುವ ಹೆಚ್ಚುವರಿ ಕನೆಕ್ಷನ್‌ಗಳು ಪೂರ್ತಿ ಕಳಚಿಕೊಂಡಿರಲಿಲ್ಲ.

2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆತ್ ಸ್ಟೀವನ್ಸ್ ಮತ್ತು ಬೆನ್ ಬ್ಯಾರೆಸ್ ತಂಡ ಸಿ1ಕ್ಯೂ, ಸಿ3 ಎಂಬ ಪ್ರೊಟೀನ್‌ಗಳನ್ನು ಹಿಡಿಯಿತು. ರಕ್ತದಲ್ಲಿ ಇವು ಬ್ಯಾಕ್ಟೀರಿಯಾಗೆ ಗುರುತು ಹಾಕುತ್ತವೆ, ರಕ್ಷಕ ಕೋಶಗಳು ಬಂದು ನುಂಗುತ್ತವೆ. ಮೆದುಳಿನಲ್ಲೂ ಅದೇ ಕಥೆ. ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕುತ್ತಾರಲ್ಲ, ಹಾಗೆ ಬೇಡದ ಸಿನಾಪ್ಸ್ ಮೇಲೆ ಗುರುತು ಬೀಳುತ್ತದೆ. ಜೆಸಿಬಿ ಕೆಲಸ ಮೈಕ್ರೋಗ್ಲಿಯಾ ಎಂಬ ಕೋಶಗಳದ್ದು.

ಒಡೆಯಬಾರದ ಗೋಡೆಗೂ ಗುರುತು ಬಿದ್ದರೆ? ನನಗೆ ಈ ವಿಷಯ ತಲೆಯಿಂದ ಇಳಿಯದಿರುವುದು ಇಲ್ಲೇ. 2016ರಲ್ಲಿ ಸುಮಾರು 65 ಸಾವಿರ ಜನರ ಜೀನ್ ಮಾಹಿತಿ ಜಾಲಾಡಿದ ಅಧ್ಯಯನವೊಂದು, ಇದೇ ಗುಂಪಿನ ಸಿ4 ಪ್ರೊಟೀನನ್ನು ಹೆಚ್ಚು ತಯಾರಿಸುವ ಜೀನ್ ರೂಪಗಳಿದ್ದವರಲ್ಲಿ ಸ್ಕಿಜೋಫ್ರೇನಿಯಾ ಅಪಾಯ ಹೆಚ್ಚು ಎಂದಿತು. ಈ ಕಾಯಿಲೆ ಸಾಮಾನ್ಯವಾಗಿ ತಲೆ ಎತ್ತುವುದು ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸು. ಅಂದರೆ ಕಾಲೇಜು ಬೆಂಚಿನಲ್ಲಿ ಕೂತಿರುವ ನಮ್ಮದೇ ವಯಸ್ಸು. ಮೆದುಳಿನ ಮುಂಭಾಗದಲ್ಲಿ ಕತ್ತರಿ ಇನ್ನೂ ಆಡುತ್ತಿರುವ ವಯಸ್ಸೂ ಹೌದು.

ಹಾಗಂತ ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಅಂಥ ಜೀನ್ ಇರುವ ಬಹುತೇಕರು ಆರಾಮಾಗಿಯೇ ಇರುತ್ತಾರೆ. ಆದರೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವ ಹುಡುಗನಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವವರು, ಅಮ್ಮ ಬೆಳೆಸಿದ್ದೇ ಸರಿಯಿಲ್ಲ ಎನ್ನುವವರು ಈಗಲೂ ಇದ್ದಾರೆ. ಆ ಅಮ್ಮನಿಗೆ ಸಿ4 ಬಗ್ಗೆ ಯಾರೂ ಹೇಳಿರುವುದಿಲ್ಲ.