ಗೇಮ್ ಓಪನ್ ಮಾಡಿದ್ರೆ ‘ಡಿಎಲ್‌ಎಲ್ ಮಿಸ್ಸಿಂಗ್’ ಅಂತಿದೆಯಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನು ಕೇಳಿ

ಈ ವಾರದ ಪ್ರಶ್ನೆ ಬಂದಿರೋದು ಕೊಪ್ಪಳ ಜಿಲ್ಲೆಯ ಇಟಗಿಯಿಂದ. ಹೌದು, 1112ರ ಮಹಾದೇವ ದೇವಾಲಯ ಇರೋ ಅದೇ ಇಟಗಿ. ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಗೆಳೆಯನ ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ ಗೇಮ್. ಡಬಲ್ ಕ್ಲಿಕ್ ಮಾಡಿದ್ರೆ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗಲಿಲ್ಲ’ ಅಂತ ಇಂಗ್ಲಿಷ್‌ನಲ್ಲಿ ಒಂದು ಪೆಟ್ಟಿಗೆ. ‘ಫಾರ್ಮ್ಯಾಟ್ ಮಾಡಿಸಿಬಿಡು ಅಂತಾರೆ ಎಲ್ರೂ. ಅಕ್ಕನ ಪ್ರಾಜೆಕ್ಟ್, ಮನೆಯವರ ಫೋಟೋ ಎಲ್ಲ ಅದರಲ್ಲೇ ಐತ್ರಿ. ಏನ್ ಮಾಡ್ಲಿ?’

ಫಾರ್ಮ್ಯಾಟ್ ಬೇಡ. ಮೊದಲು ಡಿಎಲ್‌ಎಲ್ ಅಂದ್ರೆ ಏನು ನೋಡೋಣ. ಊರಲ್ಲಿ ಮದುವೆಗೆ ದೊಡ್ಡ ಪಾತ್ರೆಗಳನ್ನ ಪ್ರತಿ ಮನೆಯವರೂ ಕೊಳ್ಳಲ್ಲ. ದೇವಸ್ಥಾನದಿಂದಲೋ ಸಂಘದಿಂದಲೋ ತಂದು ಬಳಸ್ತಾರೆ. ಡಿಎಲ್‌ಎಲ್ ಕೂಡ ಹಾಗೇ, ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸೋ ಫೈಲ್. ಗೇಮ್ ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲರ್ ಈ ಫೈಲ್‌ಗಳನ್ನ ವಿಂಡೋಸ್ ಒಳಗೆ ಸೇರಿಸುತ್ತೆ. ಬರೀ ಗೇಮ್ ಫೋಲ್ಡರ್ ಕಾಪಿ ಮಾಡಿದ್ರೆ ಆ ಕೆಲಸ ಆಗೋದೇ ಇಲ್ಲ. ಹಾಗಾಗಿ ಗೆಳೆಯನ ಕಂಪ್ಯೂಟರ್‌ನಲ್ಲಿ ಓಡೋ ಗೇಮ್ ನಿಮ್ಮಲ್ಲಿ ಓಡಲ್ಲ.

ಈಗ ಪರಿಹಾರ. ಪೆಟ್ಟಿಗೆಯಲ್ಲಿರೋ ಫೈಲ್ ಹೆಸರನ್ನ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ಪ್ಯಾಕ್ ಬೇಕು ಅನ್ನೋದನ್ನ ಆ ಹೆಸರೇ ಹೇಳುತ್ತೆ.

ಹೆಸರು ‘ವಿಸಿರನ್‌ಟೈಮ್140’ ಅಥವಾ ‘ಎಂಎಸ್‌ವಿಸಿಪಿ140’ ಅಂತಿದ್ರೆ ಬೇಕಾಗಿರೋದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್. 2015ರಿಂದ 2022ರವರೆಗಿನ ಆವೃತ್ತಿಗಳಿಗೆಲ್ಲ ಒಂದೇ ಪ್ಯಾಕ್. ಹೆಸರಲ್ಲಿ 120 ಇದ್ರೆ 2013ರ ಪ್ಯಾಕ್, 100 ಇದ್ರೆ 2010ರದ್ದು. ಇಲ್ಲೊಂದು ವಿಷಯ ನೆನಪಿಡಿ: ನಿಮ್ಮ ವಿಂಡೋಸ್ 64 ಬಿಟ್ ಆಗಿದ್ರೂ ಹಳೇ ಗೇಮ್ 32 ಬಿಟ್ ಇರಬಹುದು. ಅದಕ್ಕೆ ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ.

ಹೆಸರು ‘ಡಿ3ಡಿಎಕ್ಸ್9’ ಅಥವಾ ‘ಎಕ್ಸ್‌ಇನ್‌ಪುಟ್1_3’ ಅಂತ ಶುರುವಾದ್ರೆ ಅದು ಡೈರೆಕ್ಟ್‌ಎಕ್ಸ್ ಕಥೆ. ‘ವಿಂಡೋಸ್ 10ರಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ?’ ಅಂತ ಕೇಳ್ತೀರಿ. ಇದೆ, ಆದರೆ ಈ ಹಳೇ ಫೈಲ್‌ಗಳು ಅದರ ಜೊತೆ ಬರಲ್ಲ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಬೇಕು. ಸುಮಾರು 96 ಎಂಬಿ. ಫೋನ್ ಹಾಟ್‌ಸ್ಪಾಟ್‌ನಲ್ಲೇ ಮುಗಿಯುತ್ತೆ. ಎಲ್ಲವೂ ಉಚಿತ.

ಸ್ಟೀಮ್‌ನಿಂದ ತಗೊಂಡ ಗೇಮಾ? ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಗೇಮ್ ಫೈಲ್‌ಗಳನ್ನ ವೆರಿಫೈ ಮಾಡಿ. ಕಡಿಮೆ ಇರೋ ಫೈಲನ್ನ ಅದೇ ತರಿಸುತ್ತೆ.

ಗೇಮ್ ಮಾತ್ರ ಅಲ್ಲ, ಬೇರೆ ಪ್ರೋಗ್ರಾಂಗಳೂ ಕೈಕೊಡ್ತಿದ್ರೆ ವಿಂಡೋಸ್ ಫೈಲೇ ಕೆಟ್ಟಿರಬಹುದು. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಸ್‌ಎಫ್‌ಸಿ, ಒಂದು ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕೆಟ್ಟ ಫೈಲ್‌ಗಳನ್ನ ವಿಂಡೋಸ್ ತಾನೇ ಸರಿ ಮಾಡೋಕೆ ನೋಡುತ್ತೆ. ಸಮಯ ಹಿಡಿಯುತ್ತೆ, ನಡುವೆ ಮುಚ್ಚಬೇಡಿ.

ಇನ್ನು, ಮಾಡಲೇಬಾರದ ಕೆಲಸ. ಫೈಲ್ ಹೆಸರು ಹುಡುಕಿದ್ರೆ ‘ಈ ಡಿಎಲ್‌ಎಲ್ ಡೌನ್‌ಲೋಡ್ ಮಾಡಿ’ ಅನ್ನೋ ತಾಣಗಳು ಸಾಲಾಗಿ ಬರ್ತವೆ. ಅಲ್ಲಿಂದ ತರಬೇಡಿ. ಡಿಎಲ್‌ಎಲ್ ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡೋ ಕೋಡ್. ಯಾರೋ ಕೊಟ್ಟದ್ದನ್ನ ಒಳಗೆ ಬಿಟ್ರೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕೂಡ ಹೋಗಬಹುದು. ಕ್ರ್ಯಾಕ್ ಮಾಡಿದ ಗೇಮ್‌ಗಳಲ್ಲೂ ಇದೇ ಅಪಾಯ. ಆಂಟಿವೈರಸ್ ಆಫ್ ಮಾಡು ಅಂತ ಹೇಳೋ ಗೇಮ್ ನಿಮಗೆ ಬೇಡ.

ಹಾಗೂ ಅಕೌಂಟ್‌ನಿಂದ ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಒಟ್ಟಿನಲ್ಲಿ ಹೆಸರು ಓದಿ, ಸರಿಯಾದ ಪ್ಯಾಕ್ ಹಾಕಿ, ರೀಸ್ಟಾರ್ಟ್ ಮಾಡಿ. ಅಕ್ಕನ ಪ್ರಾಜೆಕ್ಟ್ ಇದ್ದಲ್ಲೇ ಇರಲಿ; ಒಂದು ಪ್ರತಿ ಪೆನ್‌ಡ್ರೈವ್‌ಗೂ ಹೋಗಲಿ. ಮತ್ತೆ ಮುಂದಿನ ವಾರ ಸಿಗೋಣ.